ಇಮಾಮರ ಸಂಬಳ ಸಮುದಾಯದ ಮೇಲಿನ ಋಣವಲ್ಲವೇ?

ರಮಝಾನ್ ಮುಗಿದು ಶವ್ವಾಲ್ ಬಂತೆಂದರೆ ನಮ್ಮ ಮಸೀದಿಗಳಲ್ಲಿ ಸದ್ದಿಲ್ಲದ ವಲಸೆಯೊಂದು ಆರಂಭವಾಗುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಕಬ್ಬಿಣದ ಟ್ರಂಕು, ಹಾಸಿಗೆಯ ಸುರುಳಿ ಮತ್ತು ಕಿತಾಬುಗಳ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತ ಮೌಲವಿಯೊಬ್ಬರನ್ನು ಕಂಡರೆ, ಅವರು ರಜೆಗೆ ಊರಿಗೆ ಹೊರಟವರೋ ಅಥವಾ ಕೆಲಸ ಕಳೆದುಕೊಂಡು ಹೊರಟವರೋ ಎಂದು ಹೇಳುವುದು ಕಷ್ಟ. ಅನೇಕ ಕಡೆ ಕಾರಣ ಒಂದೇ ಇರುತ್ತದೆ. ಸಂಬಳ ಸ್ವಲ್ಪ ಹೆಚ್ಚಿಸಿರೆಂದು ಅವರು ಕೇಳಿರುತ್ತಾರೆ, ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಕಮಿಟಿಯವರು ಹೇಳಿರುತ್ತಾರೆ. ವರ್ಷವಿಡೀ ಅವರ ಹಿಂದೆ ಸಾಲುಗಟ್ಟಿ ನಿಂತು ನಮಾಝ್ ನಿರ್ವಹಿಸಿದವರಲ್ಲಿ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರಲು ಹೋದವರೆಷ್ಟು ಮಂದಿ?

2025ರ ಮಾರ್ಚ್ 7ರಂದು ಮಂಡನೆಯಾದ ರಾಜ್ಯದ ಆಯವ್ಯಯದಲ್ಲಿ ಜೈನ ಅರ್ಚಕರು, ಸಿಖ್ ಮುಖ್ಯ ಗ್ರಂಥಿಗಳು ಮತ್ತು ಮಸೀದಿಗಳ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೂ, ಸಹಾಯಕ ಗ್ರಂಥಿ ಮತ್ತು ಮುಅಝ್ಝಿನರ ಗೌರವಧನವನ್ನು 5,000 ರೂಪಾಯಿಗೂ ಏರಿಸಲಾಯಿತು. ಒಂದು ಪಕ್ಷ ಅದನ್ನು ಓಲೈಕೆ ಎಂದಿತು, ಇನ್ನೊಂದು ಪಕ್ಷ ಸಾಮಾಜಿಕ ನ್ಯಾಯ ಎಂದಿತು. ಟಿ.ವಿ. ಚರ್ಚೆಗಳನ್ನು ಕೇಳಿದವರಿಗೆ ಇಮಾಮರು ಸರಕಾರದ ಖಜಾನೆಯನ್ನೇ ಹೊತ್ತೊಯ್ಯುತ್ತಿದ್ದಾರೆಂಬ ಭಾವನೆ ಬಂದಿದ್ದರೆ ಅಚ್ಚರಿಯಿಲ್ಲ. ತಿಂಗಳಿಗೆ 6,000 ಎಂದರೆ ದಿನಕ್ಕೆ 200 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಗದ್ದಲದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯನ್ನು ನಾವು ಇಲ್ಲಿ ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ: ಸರಕಾರ ಕೊಡುವುದು ಹಾಗಿರಲಿ, ಜಮಾಅತ್ ಎಷ್ಟು ಕೊಡುತ್ತಿದೆ?

ಈ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: 'ದೀನಿನ ಸೇವೆಗೆ ಸಂಬಳವೇ? ಅವರಿಗೆ ಪ್ರತಿಫಲ ಅಲ್ಲಾಹನ ಬಳಿ ಇದೆ.' ಮಾತು ಸುಂದರವಾಗಿದೆ. ಆದರೆ ಆಡುವವರು ಸಾಮಾನ್ಯವಾಗಿ ಸ್ವಂತ ಅಂಗಡಿಯ ಗಲ್ಲಾದ ಮೇಲೆ ಕುಳಿತವರು. ಪ್ರವಾದಿ(ಸ)ರು ತಮ್ಮ ಅನುಚರ ಉಸ್ಮಾನ್ ಬಿನ್ ಅಬಿಲ್ ಆಸ್(ರ)ರಿಗೆ, ಅದಾನಿಗೆ ಕೂಲಿ ಪಡೆಯದ ಮುಅಝ್ಝಿನರನ್ನು ನೇಮಿಸುವಂತೆ ಹೇಳಿದ್ದು ನಿಜ. ಇಮಾಮ್ ಅಬೂ ಹನೀಫಾ(ರ)ರು ಆರಾಧನಾ ಕರ್ಮಗಳಿಗೆ ಕೂಲಿ ನಿಗದಿಪಡಿಸುವುದನ್ನು ಒಪ್ಪಲಿಲ್ಲವೆಂಬುದೂ ನಿಜ. ಆದರೆ ಅವರು ರೇಷ್ಮೆ ಬಟ್ಟೆಯ ವ್ಯಾಪಾರಿಯಾಗಿದ್ದರು. ಅಂದು ಕುರ್‌ಆನ್ ಕಲಿಸುವವರಿಗೆ ಬೈತುಲ್‌ಮಾಲ್‌ನಿಂದ ಜೀವನಾಂಶ ಸಿಗುತ್ತಿತ್ತು. ಆ ಬೈತುಲ್‌ಮಾಲ್ ಇಂದು ಎಲ್ಲಿದೆ?

ಕಾಲ ಬದಲಾದಾಗ ನಮ್ಮ ವಿದ್ವಾಂಸರು ಕಣ್ಣುಮುಚ್ಚಿ ಕುಳಿತಿರಲಿಲ್ಲ. 'ಹಿದಾಯ' ಗ್ರಂಥದ ಕರ್ತೃ ಮರ್ಗೀನಾನಿಯವರು ದೂರದ ಫರ್ಗಾನಾದಲ್ಲಿ ಬದುಕಿದ್ದ 12ನೇ ಶತಮಾನದಲ್ಲೇ ಇಲ್ಲಿ ಬೇಲೂರಿನ ದೇಗುಲ ತಲೆ ಎತ್ತಿತ್ತು. ಜನರಲ್ಲಿ ಧಾರ್ಮಿಕ ಉತ್ಸಾಹ ಕುಂದಿರುವಾಗ ಕೂಲಿಯನ್ನು ನಿಷೇಧಿಸಿದರೆ ಕುರ್‌ಆನ್ ಶಿಕ್ಷಣವೇ ನಶಿಸಿಹೋದೀತೆಂದು ಹೇಳಿ, ಶಿಕ್ಷಣಕ್ಕೆ ವೇತನ ಪಡೆಯುವುದು ಸಮ್ಮತವೆಂಬ ಫತ್ವಾವನ್ನು ಅವರು ಆಗಲೇ ದಾಖಲಿಸಿದರು. ಮುಂದಿನ ಹನಫಿ ವಿದ್ವಾಂಸರು ಅದನ್ನು ಇಮಾಮತ್ ಮತ್ತು ಅದಾನಿಗೂ ವಿಸ್ತರಿಸಿದರು. ಆದ್ದರಿಂದ ಸಂಬಳ ಕೊಡಬಹುದೇ ಎಂಬ ಚರ್ಚೆ ಮುಗಿದು ಶತಮಾನಗಳೇ ಸಂದಿವೆ. ಉಳಿದಿರುವುದು ಎಷ್ಟು ಎಂಬ ಪ್ರಶ್ನೆ ಮಾತ್ರ.

ಅದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಹಝ್ರತ್ ಅಬೂಬಕರ್(ರ)ರು ಖಲೀಫರಾದ ಮರುದಿನ ಎಂದಿನಂತೆ ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಿದ್ದರು. ದಾರಿಯಲ್ಲಿ ಹಝ್ರತ್ ಉಮರ್(ರ) ತಡೆದರು. ನನ್ನ ಮನೆಯವರಿಗೆ ಉಣಿಸುವವರು ಯಾರೆಂದು ಖಲೀಫರು ಕೇಳಿದರು. ಆಗ ಅಬೂ ಉಬೈದಾ(ರ)ರು ಬೈತುಲ್‌ಮಾಲ್‌ನಿಂದ ಒಂದು ಜೀವನಾಂಶ ನಿಗದಿಪಡಿಸಿದರು. ಮುಹಾಜಿರರಲ್ಲಿ ಅತಿ ಶ್ರೀಮಂತನ ಮಟ್ಟದ್ದೂ ಅಲ್ಲ, ಅತಿ ಬಡವನ ಮಟ್ಟದ್ದೂ ಅಲ್ಲ, ನಡುವಿನವನ ಊಟ ಮತ್ತು ಚಳಿಗಾಲ, ಬೇಸಿಗೆಗಳ ಉಡುಪು ಅವರಿಗೆ ಗೊತ್ತಾಯಿತು. ಒಬ್ಬ ಧಾರ್ಮಿಕ ನಾಯಕನ ವೇತನಕ್ಕೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ಬೇಕೇ? ಮಹಲ್ಲಾದ ಮಧ್ಯಮ ಕುಟುಂಬವೊಂದು ಹೇಗೆ ಬದುಕುತ್ತದೆಯೋ ಇಮಾಮರ ಕುಟುಂಬವೂ ಹಾಗೆ ಬದುಕಬೇಕು.

ಈ ಅಳತೆಗೋಲನ್ನು ನಮ್ಮ ಭಾಗಕ್ಕೇ ಹಿಡಿದು ನೋಡೋಣ. ಅರಸೀಕೆರೆಯ ರೈತನಿಗೆ ಉಂಡೆ ಕೊಬ್ಬರಿಯ ಲೆಕ್ಕ ಚೆನ್ನಾಗಿ ಗೊತ್ತು. 2025ರ ಹಂಗಾಮಿಗೆ ಕೇಂದ್ರ ಸರಕಾರ ಕ್ವಿಂಟಲಿಗೆ ನಿಗದಿಪಡಿಸಿದ ಬೆಂಬಲ ಬೆಲೆ 12,100 ರೂಪಾಯಿ. ಅದು ಸಾಲದೆಂದು ಬೆಳೆಗಾರರು ಹೇಳುತ್ತಾರೆ, ಹೇಳುವುದರಲ್ಲಿ ನ್ಯಾಯವೂ ಇದೆ. ಹಾಗಿರುವಾಗ ದಿನಕ್ಕೆ ಐದು ಬಾರಿ ನಮಾಝ್, ಬೆಳಿಗ್ಗೆ ಸಂಜೆ ಮಕ್ಕಳಿಗೆ ಪಾಠ, ಶುಕ್ರವಾರದ ಖುತ್ಬಾ, ನಿಕಾಹ್, ಜನಾಝಾ, ನಡುರಾತ್ರಿಯ ಸಾವಿನ ಮನೆ ಎಲ್ಲವನ್ನೂ ನೋಡಿಕೊಳ್ಳುವ ವ್ಯಕ್ತಿಯ ಇಡೀ ತಿಂಗಳ ದುಡಿಮೆಗೆ ಒಂದು ಕ್ವಿಂಟಲ್ ಕೊಬ್ಬರಿಯ ಬೆಲೆಯನ್ನೂ ಕಟ್ಟದ ಜಮಾಅತ್ ತನ್ನನ್ನು ತಾನು ಏನೆಂದು ಕರೆದುಕೊಳ್ಳಬೇಕು? ಉದ್ಯೋಗ ಖಾತರಿಯ ಅದೇ 370 ರೂಪಾಯಿಯಂತೆ 26 ದಿನಕ್ಕೆ ಲೆಕ್ಕ ಹಾಕಿದರೂ 9,620 ಆಗುತ್ತದೆ. ಆ ಕೂಲಿಯವನಿಗೆ ಸಂಜೆಯ ನಂತರದ ಹೊತ್ತು ತನ್ನದು. ಇಮಾಮರಿಗೆ ಅದೂ ಇಲ್ಲ.

ಹಣವಿಲ್ಲವೆಂಬುದು ಮುಂದಿನ ನೆಪ. ನೂರು ಮನೆಗಳ ಒಂದು ಜಮಾಅತ್ ಇದೆಯೆಂದು ಇಟ್ಟುಕೊಳ್ಳೋಣ. ಇಮಾಮರಿಗೆ 15,000, ಮುಅಝ್ಝಿನರಿಗೆ 9,000 ಕೊಡಬೇಕೆಂದರೆ ಒಟ್ಟು 24,000. ಮನೆಯೊಂದಕ್ಕೆ ತಿಂಗಳಿಗೆ 240, ಅಂದರೆ ದಿನಕ್ಕೆ 8 ರೂಪಾಯಿ. ಬೇಲೂರಿನ ಬಸ್ ನಿಲ್ದಾಣದಲ್ಲಿ ಒಂದು ಚಹಾಕ್ಕೂ ಅದು ಸಾಲದು. ಕೊಡಲಾಗದ ಹತ್ತು ಮನೆಗಳಿದ್ದರೆ ಅವರ ಪಾಲನ್ನು ಹೊರಬಲ್ಲ ಎರಡು ಮನೆಗಳು ಎಲ್ಲ ಊರಿನಲ್ಲೂ ಇವೆ. ಅದೇ ಜಮಾಅತ್‌ನಲ್ಲಿ ಒಂದು ಮದುವೆಗೆ ಶಾದಿಮಹಲ್, ದೀಪಾಲಂಕಾರ, ಬಿರಿಯಾನಿಯ ಡೇಗ್‌ಗಳೆಂದು ಖರ್ಚಾಗುವ ಮೊತ್ತದಲ್ಲಿ ಇಮಾಮರ ವರ್ಷದ ಸಂಬಳ ಹೊರಡುತ್ತದೆ. ಮಿನಾರಕ್ಕೆ ಇನ್ನೊಂದು ಅಂತಸ್ತು, ನೆಲಕ್ಕೆ ಅಮೃತಶಿಲೆ ಎಂದಾಗ ರಸೀದಿ ಪುಸ್ತಕ ಬೇಗ ಖಾಲಿಯಾಗುತ್ತದೆ. ಕಲ್ಲಿನ ಮೇಲೆ ದಾನಿಯ ಹೆಸರು ಕೆತ್ತಬಹುದು. ಇಮಾಮರ ಮನೆಯ ಅಕ್ಕಿಚೀಲದ ಮೇಲೆ ಹೆಸರು ಕೆತ್ತಲಾಗದು, ಅದೇ ತೊಡಕು!

ಕಲ್ಲಿನ ಮಾತು ಬಂದಾಗ ಬೇಲೂರು, ಹಳೇಬೀಡುಗಳ ಕಲ್ಲುಗಳಿಂದಲೇ ಕಲಿಯುವುದಿದೆ. ಪ್ರವಾಸಿಗರು ಶಿಲಾಬಾಲಿಕೆಯರನ್ನು ನೋಡಿ ಹಿಂತಿರುಗುತ್ತಾರೆ. ಆದರೆ ಆ ಕಾಲದ ಶಾಸನಗಳನ್ನು ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಗುಡಿಯನ್ನೋ ಬಸದಿಯನ್ನೋ ಕಟ್ಟಿಸಿದವರು ಕಟ್ಟಡದಲ್ಲಿಗೆ ನಿಲ್ಲಲಿಲ್ಲ. ಪೂಜೆಗೆ, ಅರ್ಚಕರಿಗೆ, ಪರಿಚಾರಕರಿಗೆ ಇಂತಿಷ್ಟು ಭೂಮಿ ಎಂದು ಎಲ್ಲೆಗಳ ಸಹಿತ ಬರೆಸಿ ನಿಲ್ಲಿಸಿದರು. ಆರಾಧನಾಲಯವೆಂದರೆ ಕಟ್ಟಡವಷ್ಟೇ ಅಲ್ಲ, ಅಲ್ಲಿ ಸೇವೆ ಮಾಡುವವರ ಹೊಟ್ಟೆಯೂ ಹೌದೆಂಬ ತಿಳಿವು ಅವರಿಗಿತ್ತು. ನಮ್ಮ ಹಿರಿಯರು ವಕ್ಫ್ ಮಾಡಿದ್ದೂ ಇದೇ ತಿಳಿವಿನಿಂದ. ಮೈಸೂರು ಸಂಸ್ಥಾನದಲ್ಲಿ ಮಸೀದಿಗಳಿಗೂ ಇನಾಂ ಜಮೀನುಗಳಿದ್ದವು. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆಯ ನಂತರ ಭೂಮಿ ಹೋಗಿ ಅದರ ಬದಲಿಗೆ ತಸ್ದೀಕ್ ಎಂಬ ನಗದು ಬಂತು. 2021ರ ಜೂನ್‌ನಲ್ಲಿ, ಮುಜರಾಯಿ ಇಲಾಖೆಯಿಂದ ಹಿಂದೂಯೇತರ ಸಂಸ್ಥೆಗಳಿಗೆ ಸಲ್ಲುತ್ತಿದ್ದ ತಸ್ದೀಕನ್ನು ನಿಲ್ಲಿಸಲು ಅಂದಿನ ಸರಕಾರ ಸೂಚಿಸಿತು. ಕೊರೋನಾದ ಎರಡನೇ ಅಲೆಯಲ್ಲಿ ಮಸೀದಿಗಳ ಬಾಗಿಲು ಮುಚ್ಚಿದ್ದ ದಿನಗಳವು. ಇನ್ನೊಬ್ಬರ ಕೈಯಿಂದ ಬರುವ ಅನ್ನ ಎಷ್ಟು ಬೇಗ ನಿಲ್ಲಬಹುದೆಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

2022ರ ಏಪ್ರಿಲ್‌ನಲ್ಲಿ ಬೇಲೂರು ರಾಜ್ಯದ ಗಮನ ಸೆಳೆಯಿತು. ಚೆನ್ನಕೇಶವ ಸ್ವಾಮಿಯ ರಥೋತ್ಸವದ ವೇಳೆ ಕುರ್‌ಆನ್ ಪಠಿಸುವ ಹಳೆಯ ರೂಢಿಗೆ ಕೆಲವರು ವಿರೋಧ ಒಡ್ಡಿದರು. ರೂಢಿ ನಡೆಯಿತು, ಸಾಮರಸ್ಯದ ಬಗ್ಗೆ ಎಲ್ಲರೂ ಬರೆದರು. ಆದರೆ ಖಾಜಿಯವರು ಎಲ್ಲಿ ನಿಂತು ಏನನ್ನು ಓದಬೇಕೆಂದು ಇಷ್ಟೊಂದು ಚರ್ಚಿಸಿದ ನಾಡು, ಮಸೀದಿಯಲ್ಲಿ ದಿನವೂ ಕುರ್‌ಆನ್ ಓದುವ ಸಾವಿರಾರು ಇಮಾಮರು ಏನನ್ನು ಉಣ್ಣುತ್ತಾರೆಂದು ಕೇಳಲಿಲ್ಲ. ಹೊರಗಿನವರು ಕೇಳದಿದ್ದುದಕ್ಕೆ ಬೇಸರವಿಲ್ಲ. ನಾವೂ ಕೇಳಲಿಲ್ಲ.

ನ್ಯಾಯಾಲಯ ಕೇಳಿತು. 1993ರ ಮೇ 13ರಂದು ಸುಪ್ರೀಂ ಕೋರ್ಟ್, ಅಖಿಲ ಭಾರತ ಇಮಾಮರ ಸಂಘಟನೆಯ ಪ್ರಕರಣದಲ್ಲಿ, ಇಮಾಮರು ತಮ್ಮ ನೌಕರರಲ್ಲವೆಂಬ ವಕ್ಫ್ ಮಂಡಳಿಗಳ ವಾದವನ್ನು ತಳ್ಳಿಹಾಕಿ ವೇತನ ಯೋಜನೆಯೊಂದನ್ನು ರೂಪಿಸಲು ಆದೇಶಿಸಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗದ ಆಯುಕ್ತರೊಬ್ಬರು ಆ ತೀರ್ಪೇ ಸಂವಿಧಾನಕ್ಕೆ ವಿರುದ್ಧವೆಂದು ಟೀಕಿಸಿದರು. ಪಶ್ಚಿಮ ಬಂಗಾಳದ ಸರಕಾರ 2012ರಲ್ಲಿ ಘೋಷಿಸಿದ ಇಮಾಮರ ಭತ್ಯೆಯನ್ನು 2013ರಲ್ಲಿ ಕಲ್ಕತ್ತಾ ಹೈಕೋರ್ಟ್ ರದ್ದುಪಡಿಸಿತು. ದಿಲ್ಲಿಯಲ್ಲಿ ವಕ್ಫ್ ಮಂಡಳಿಯ ಇಮಾಮರಿಗೆ 18,000 ಎಂದು ಘೋಷಣೆಯಾಯಿತು. 2024ರ ಡಿಸೆಂಬರ್‌ನಲ್ಲಿ ಅದೇ ಇಮಾಮರು ತಿಂಗಳುಗಟ್ಟಲೆ ಬಾಕಿಯಿದ್ದ ಹಣಕ್ಕಾಗಿ ಬೀದಿಗಿಳಿದರು. ಸರಕಾರದ ಹಣ ಬಂದಾಗ ಬೇಡವೆನ್ನಬೇಕಿಲ್ಲ, ಅದು ಪ್ರಜೆಗಳ ಹಣ. ಆದರೆ ಅದನ್ನೇ ನಂಬಿ ಜಮಾಅತ್ ತನ್ನ ಪಾಲನ್ನು ಕಡಿತಗೊಳಿಸುವುದಾದರೆ ಅದು ಇಮಾಮರಿಗೆ ಮಾಡುವ ದ್ರೋಹ. ಗೌರವಧನ ಸಂಬಳದ ಮೇಲಿರಬೇಕೇ ಹೊರತು ಸಂಬಳದ ಬದಲಿಗಲ್ಲ. ತುರ್ಕಿಯಲ್ಲಿ 1924ರಿಂದ ಇಮಾಮರು ಸರಕಾರಿ ನೌಕರರು, ಶುಕ್ರವಾರದ ಖುತ್ಬಾವೂ ಸರಕಾರಿ ಇಲಾಖೆಯಿಂದಲೇ ಬರುತ್ತದೆ. ಅನ್ನ ಕೊಟ್ಟವರು ಮಾತನ್ನೂ ಕೊಡುತ್ತಾರೆ.

ಈ ಮಾತು ಮುತವಲ್ಲಿಗಳಿಗೂ ಅನ್ವಯಿಸುತ್ತದೆ, ಇಡೀ ವಿಷಯದ ತಿರುಳು ಇರುವುದೂ ಇಲ್ಲೇ. ಈ ಸಾಲುಗಳನ್ನು ಬರೆಯುತ್ತಿರುವವನು ಮದ್ರಸಾದ ಚಾಪೆಯ ಮೇಲೆ ಕುಳಿತು ಕಲಿತವನು. ಜೊತೆಗೆ ಕಲಿತವರಲ್ಲಿ ಬುದ್ಧಿವಂತನೆನಿಸಿಕೊಂಡಿದ್ದವನೊಬ್ಬ ಇಂದು ಮಿಂಬರ್ ಬಿಟ್ಟು ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದಾನೆ. ವರದಕ್ಷಿಣೆಯ ವಿರುದ್ಧ ಆಡಿದ ಒಂದು ಖುತ್ಬಾ ಕಮಿಟಿಯ ಹಿರಿಯರೊಬ್ಬರ ಮನೆಯ ಮದುವೆಗೆ ತಾಗಿತು, ತಿಂಗಳು ತುಂಬುವ ಮೊದಲೇ ಬಾಡಿಗೆ ಕೋಣೆಯ ಬೀಗದ ಕೈ ಹಿಂದಿರುಗಿಸಬೇಕಾಯಿತು. 'ಈಗ ಯಾರಿಗೂ ಹೆದರಬೇಕಿಲ್ಲ' ಎಂದು ಆತ ನಗುತ್ತಾನೆ. ಆ ನಗು ನಮ್ಮನ್ನು ಚುಚ್ಚಬೇಕು. ನಾಳೆಯ ಅಕ್ಕಿಗಾಗಿ ಸಾಹುಕಾರನ ಮುಖ ನೋಡಬೇಕಾದ ಇಮಾಮರಿಂದ ಬಡ್ಡಿ, ವರದಕ್ಷಿಣೆ, ಹೆಣ್ಣುಮಕ್ಕಳ ಆಸ್ತಿಯ ಹಕ್ಕಿನ ಬಗ್ಗೆ ಸತ್ಯ ಹೊರಡುವುದು ಹೇಗೆ? ತಾಯತ, ನಝರಾನಾಗಳ ಕಡೆ ಅವರು ಕೈಚಾಚಿದರೆ ಹಾಗೆ ತಳ್ಳಿದವರು ಯಾರು? ಬುದ್ಧಿವಂತ ಮಕ್ಕಳನ್ನು ಇಂಜಿನಿಯರಿಂಗಿಗೆ, ಏನೂ ಆಗದವನನ್ನು ಮದ್ರಸಾಕ್ಕೆ ಎಂದು ಹಂಚಿಬಿಟ್ಟು, ಆಮೇಲೆ ಖುತ್ಬಾದಲ್ಲಿ ಹುರುಳಿಲ್ಲವೆಂದು ದೂರುವುದು ಯಾವ ನ್ಯಾಯ?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನೇಮಕ ಬಾಯಿಮಾತಿನಲ್ಲಿ ಆಗಬಾರದು. ಸಂಬಳ, ರಜೆ, ವಸತಿ, ವಾರ್ಷಿಕ ಹೆಚ್ಚಳ ಎಲ್ಲವೂ ಪತ್ರದಲ್ಲಿರಲಿ. ಮೂರು ತಿಂಗಳ ಸೂಚನೆಯಿಲ್ಲದೆ, ಅವರ ಮಾತು ಕೇಳದೆ ತೆಗೆದುಹಾಕುವಂತಿಲ್ಲವೆಂದು ಜಮಾಅತ್ ನಿರ್ಣಯಿಸಲಿ. ಎರಡನೆಯದಾಗಿ, ಸಂಬಳ ತಿಂಗಳ ಮೊದಲ ವಾರದಲ್ಲೇ ಅವರ ಬ್ಯಾಂಕ್ ಖಾತೆಗೆ ಸೇರಲಿ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯ ಮೇಲೆ ಖುತ್ಬಾ ಕೊಡುವವರಿಗೇ ಎರಡು ತಿಂಗಳ ಬಾಕಿ ಇರಬಾರದಲ್ಲವೇ? ಮೂರನೆಯದಾಗಿ, ವಕ್ಫ್ ಮಳಿಗೆಗಳ ಬಾಡಿಗೆಯನ್ನು ಮಾರುಕಟ್ಟೆಯ ದರಕ್ಕೆ ತನ್ನಿ. ದೇಶದ ವಕ್ಫ್ ಆಸ್ತಿಗಳಿಂದ ವರ್ಷಕ್ಕೆ ಬರುವ ಆದಾಯ ಸುಮಾರು 163 ಕೋಟಿ ಮಾತ್ರ, ಸರಿಯಾಗಿ ನಿರ್ವಹಿಸಿದರೆ 12,000 ಕೋಟಿ ಬರಬಹುದೆಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. 2025ರ ತಿದ್ದುಪಡಿ ಕಾಯ್ದೆಯ ಬಗ್ಗೆ ನಮ್ಮ ಆಕ್ಷೇಪಗಳು ಹಾಗೆಯೇ ಇವೆ. ಆದರೆ ಮಂಡಳಿಗೆ ಸಲ್ಲಿಸಬೇಕಾದ ವಂತಿಗೆಯನ್ನು ಅದು ಶೇ. 7ರಿಂದ ಹೆಚ್ಚೆಂದರೆ ಶೇ. 5ಕ್ಕೆ ಇಳಿಸಿದೆ. ಉಳಿಯುವ ಆ ಪಾಲನ್ನು ಇಮಾಮರ ಆರೋಗ್ಯ ವಿಮೆಗೂ ವೃದ್ಧಾಪ್ಯದ ಉಳಿತಾಯಕ್ಕೂ ಮೀಸಲಿಡಲು ಯಾರ ಅಪ್ಪಣೆ ಬೇಕು? ನಾಲ್ಕನೆಯದಾಗಿ, ತಾಲೂಕು ಮಟ್ಟದಲ್ಲಿ ಒಂದು ಸಮಾನ ನಿಧಿ ಇರಲಿ. ಅರಸೀಕೆರೆ ಪಟ್ಟಣದ ದೊಡ್ಡ ಮಸೀದಿ ಬಾಣಾವರ, ಜಾವಗಲ್ ಹೋಬಳಿಗಳ ಇಪ್ಪತ್ತು ಮನೆಗಳ ಮಸೀದಿಗೆ, ಬೇಲೂರಿನದು ಹಳೇಬೀಡು ಹೋಬಳಿಯ ಸಣ್ಣ ಮಸೀದಿಗೆ ಹೆಗಲು ಕೊಡಲಿ.

ಇಮಾಮರ ಮೇಲೂ ಹೊಣೆಯಿದೆ. ಊರಿನ ಭಾಷೆಯಾದ ಕನ್ನಡವನ್ನು ಕಲಿಯುವುದು, ಪಾಠಕ್ಕೆ ಸಿದ್ಧತೆ ಮಾಡಿಕೊಂಡು ಬರುವುದು, ಸಾವಿನ ಮನೆಯಲ್ಲಿ ಲಕೋಟೆಯ ನಿರೀಕ್ಷೆ ಇಟ್ಟುಕೊಳ್ಳದಿರುವುದು ಅವರಿಂದ ಸಮುದಾಯ ಕೇಳಬಹುದಾದ ಸಂಗತಿಗಳು. ಆದರೆ ಕೇಳುವ ಅರ್ಹತೆ ಕೊಟ್ಟ ನಂತರವೇ ಬರುತ್ತದೆ.

ಬೇಡಲು ನಾಚುವ ಕಾರಣಕ್ಕೆ ತಿಳಿಯದವರು ಶ್ರೀಮಂತರೆಂದು ಭಾವಿಸುವ ಬಡವರ ಬಗ್ಗೆ ಕುರ್‌ಆನಿನ ಅಲ್‌ಬಕರ ಅಧ್ಯಾಯ ಹೇಳುತ್ತದೆ. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಅತ್ತರು ಪೂಸಿಕೊಂಡು ಈ ಶುಕ್ರವಾರ ಮಿಂಬರ್ ಏರುವವರು ಅವರಲ್ಲೊಬ್ಬರಾಗಿರಬಹುದು. ನಮಾಝಿನ ನಂತರ ಮುಸಾಫಹಾಕ್ಕೆಂದು ಅವರತ್ತ ಕೈ ಚಾಚುವ ಮೊದಲು, ಈ ತಿಂಗಳ ಸಂಬಳ ತಲುಪಿದೆಯೇ ಎಂದು ಕಮಿಟಿಯವರನ್ನು ಒಂದು ಮಾತು ಕೇಳಿ.