ಶಾಲು ಸಾಕು, ಹತ್ತು ನಿಮಿಷ ಮೈಕ್ ಕೊಡಿ

ಮಗ್ಗದ ಯಂತ್ರಗಳ ಕೆಲಸಕ್ಕೆಂದು ನಾನು ಆಗಾಗ ಸೊಲ್ಲಾಪುರಕ್ಕೆ ಹೋಗುವುದುಂಟು. ಅಲ್ಲಿ ಪವರ್‌ಲೂಮ್ ನಡೆಸುವ ಒಬ್ಬರು ಅಕ್ಕಲಕೋಟೆ ತಾಲೂಕಿನ ಹಳ್ಳಿಯವರು. ಮನೆಮಾತು ಕನ್ನಡ. ಅವರ ಮಗಳು ಹತ್ತನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಈಗ ಸೊಲ್ಲಾಪುರದ ಕಾಲೇಜೊಂದರಲ್ಲಿ ಬಿಎಸ್ಸಿ ಮಾಡುತ್ತಿದ್ದಾಳೆ. ಕಳೆದ ಸಲ ಹೋದಾಗ ಅವಳ ಕಾಲೇಜಿನಲ್ಲಿ ಪ್ರಾಜೆಕ್ಟ್ ಪ್ರದರ್ಶನವಿತ್ತು. ಅರ್ಧ ದಿನ ರಜೆ ಹಾಕಿದ ಅವರು ನನ್ನನ್ನೂ ಕರೆದುಕೊಂಡು ಹೋದರು.

ಹುಡುಗಿ ತನ್ನೂರಿನ ಬಾವಿಗಳ ನೀರು ಎಷ್ಟು ಗಡಸು ಎಂದು ಪರೀಕ್ಷಿಸಿದ್ದಳು. ಪೋಸ್ಟರ್ ಇಂಗ್ಲಿಷಿನಲ್ಲಿ, ಪ್ರಶ್ನೋತ್ತರ ಅರ್ಧ ಮರಾಠಿಯಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಬಂದ ತಂದೆ, "ಛಲೋ ಮಾತಾಡಿದ್ಳ್ರೀ, ಏನ್ ಮಾತಾಡಿದ್ಳು ತಿಳೀಲಿಲ್ಲ" ಎಂದು ನಕ್ಕರು.

ನಾನು ಹುಡುಗಿಗೆ, "ಅದನ್ನೇ ಅಪ್ಪನಿಗೆ ಒಮ್ಮೆ ಕನ್ನಡದಲ್ಲಿ ಹೇಳಮ್ಮ" ಎಂದೆ. ಮೊದಲು ತಡವರಿಸಿದಳು. ಆಮೇಲೆ, ಯಾವ ಬಾವಿಯ ನೀರಿಗೆ ಸಾಬೂನು ನೊರೆ ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂದು ಹೇಳುತ್ತಾ ಹೋದಳು. ತಂದೆ ಕೇಳಿದ್ದು ಒಂದೇ ಪ್ರಶ್ನೆ: "ನೀರು ಬ್ಯಾಸಿಗ್ಯಾಗ ತಗೊಂಡಿದ್ಯೋ, ಮಳಿ ಆದಮ್ಯಾಲೋ? ಆ ಬಾವಿ ನೀರಿನ ರುಚಿ ಮಳಿಗಾಲಕ್ಕ ಬ್ಯಾರೆ ಆಗ್ತದಲ್ಲ." ಹುಡುಗಿ ಸುಮ್ಮನಾದಳು. ಅವಳು ನೀರು ತೆಗೆದದ್ದು ಒಂದೇ ತಿಂಗಳಲ್ಲಿ. ಒಳಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಆ ಪ್ರಶ್ನೆ ನನ್ನನ್ನು ನನ್ನ ಡಿಪ್ಲೊಮಾ ದಿನಕ್ಕೆ ಎಳೆದುಕೊಂಡು ಹೋಯಿತು. ನಾವು ನಾಲ್ವರು ತೆಂಗಿನಕಾಯಿ ಸುಲಿಯುವ ಯಂತ್ರ ಮಾಡಿದ್ದೆವು. ರಾತ್ರಿ ಅಂಗಡಿ ಮುಚ್ಚಿ ಬಂದ ಉಪ್ಪ, "ಎಂಥದ್ದು ಮಾಡಿದ್ದು ಮಗ?" ಎಂದು ಕೇಳಿದರು. "ನಿಮಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ" ಎಂದುಬಿಟ್ಟೆ. ಮೂವತ್ತು ವರ್ಷ ತೆಂಗಿನಕಾಯಿ ಮಾರಿದವರು ಅವರು. ಹಸಿ ಕಾಯಿಗೂ ಒಣ ಕಾಯಿಗೂ ನಮ್ಮ ಯಂತ್ರ ಒಂದೇ ಬಲ ಹಾಕಿ ಚಿಪ್ಪು ಒಡೆಯುತ್ತಿತ್ತು. ಅವರಿಗೆ ತೋರಿಸಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.

ಯುಜಿಸಿಯ 2022ರ ಚೌಕಟ್ಟಿನಂತೆ ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರು ಕೊನೆಯ ವರ್ಷ ಸಂಶೋಧನೆ ಆಯ್ದುಕೊಂಡರೆ, ಅದಕ್ಕೇ 12 ಕ್ರೆಡಿಟ್. ಮಹಾರಾಷ್ಟ್ರ ಈ ದಾರಿಯಲ್ಲಿದೆ. ಅಲ್ಲಿ 'ಆವಿಷ್ಕಾರ' ಎಂಬ ಅಂತರ ವಿಶ್ವವಿದ್ಯಾಲಯ ಸಂಶೋಧನಾ ಸ್ಪರ್ಧೆಯೂ ಇದೆ. ಕರ್ನಾಟಕ 2024ರಲ್ಲಿ ಮೂರು ವರ್ಷದ ಪದವಿಗೇ ಮರಳಿತು. ಆನರ್ಸ್ ಇರಲಿ ಬಿಡಲಿ, ಡಿಪ್ಲೊಮಾದಲ್ಲಿ, ಇಂಜಿನಿಯರಿಂಗಿನಲ್ಲಿ ಪ್ರಾಜೆಕ್ಟ್ ತಪ್ಪುವುದಿಲ್ಲ. ಅದನ್ನು ಕೇಳುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಅಕ್ಕಲಕೋಟೆಯಂಥ ಕಡೆ ಭಾಷೆ ಎಂದರೆ ಗಡಿ ವಿವಾದ ನೆನಪಾಗುತ್ತದೆ. 1967ರ ಮಹಾಜನ ವರದಿ ಆ ಪ್ರದೇಶವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತ್ತು, ಅದು ಜಾರಿಯಾಗಲಿಲ್ಲ. ಮಗಳು ಅಪ್ಪನಿಗೆ ಮನೆಮಾತಿನಲ್ಲಿ ಪಾಠ ವಿವರಿಸುವುದಕ್ಕೂ ಆ ಜಗಳಕ್ಕೂ ಸಂಬಂಧವಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಬರೆದವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಓದಿದ ಭಾಷೆ ಒಂದು, ತನ್ನವರಿಗೆ ಹೇಳಿದ ಭಾಷೆ ಇನ್ನೊಂದು. ಅದರಿಂದ ಯಾವುದೂ ಸಣ್ಣದಾಗಲಿಲ್ಲ.

ನಮ್ಮ ಮಕ್ಕಳದ್ದೂ ಇದೇ ಕಥೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಫಲಿತಾಂಶ ಬಂದ ಮೇಲೆ ಊರೂರಲ್ಲಿ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ಶಾಲು, ಸ್ಮರಣಿಕೆ, ಫೋಟೋ. ಅತಿಥಿಗಳು ಒಂದು ಗಂಟೆ ಮಾತಾಡುತ್ತಾರೆ. ಅಂಕ ತೆಗೆದ ಮಗು ಒಂದು ಮಾತೂ ಆಡದೆ ಇಳಿದುಹೋಗುತ್ತದೆ. ಏನು ಕಲಿತೆ ಎಂದು ಯಾರೂ ಕೇಳುವುದಿಲ್ಲ.

ಬ್ಯಾರಿಯಲ್ಲಿ ವಿಜ್ಞಾನ ಹೇಳಲು ಪದಗಳೆಲ್ಲಿ ಎಂದು ಕೆಲವರು ಕೇಳಬಹುದು. ಗ್ಯಾರೇಜಿನಲ್ಲಿ ಗೇರ್, ಬೇರಿಂಗ್, ಪಿಸ್ಟನ್ ಎನ್ನುತ್ತಲೇ ನಮ್ಮ ಹುಡುಗರು ಬ್ಯಾರಿಯಲ್ಲಿ ಇಡೀ ಇಂಜಿನ್ ಬಿಚ್ಚಿ ಕಟ್ಟುತ್ತಾರೆ. ಪದ ಇಂಗ್ಲಿಷಿನದ್ದೇ ಇರಲಿ, ವಾಕ್ಯ ನಮ್ಮದಾದರೆ ಸಾಕು. ಇಂಗ್ಲಿಷ್ ಬೇಡವೆಂದೂ ನಾನು ಹೇಳುವುದಿಲ್ಲ. ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿ ಪಾಸಾಗಬಹುದು, ಉಮ್ಮನ ಎದುರು ಅದು ನಡೆಯುವುದಿಲ್ಲ. ಅರ್ಥವಾಗದ್ದನ್ನು ಉಮ್ಮನಿಗೆ ಅರ್ಥ ಮಾಡಿಸಲು ಆಗುವುದಿಲ್ಲ.

ಆದ್ದರಿಂದ ಜಮಾಅತ್‌ಗಳಿಗೆ, ಸಂಘಟನೆಗಳಿಗೆ ನನ್ನ ವಿನಂತಿ ಇಷ್ಟೇ. ಈ ಸಲದ ಪುರಸ್ಕಾರದಲ್ಲಿ ಭಾಷಣ ಒಂದು ಕಡಿಮೆ ಮಾಡಿ. ಪ್ರಾಜೆಕ್ಟ್ ಮಾಡಿದ ಮೂರು ಮಕ್ಕಳಿಗೆ, ಹುಡುಗಿಯರೂ ಸೇರಿ, ತಲಾ ಹತ್ತು ನಿಮಿಷ ಮೈಕ್ ಕೊಡಿ. ಬ್ಯಾರಿಯಲ್ಲೋ ಕನ್ನಡದಲ್ಲೋ ಹೇಳಲಿ. ಮೊದಲ ಪ್ರಶ್ನೆ ಸಭೆಯಲ್ಲಿ ಕೂತ ಅಂಗಡಿಯವರು, ಮೀನಿನ ವ್ಯಾಪಾರಿಗಳು, ಬೀಡಿ ಕಟ್ಟುವ ಉಮ್ಮಂದಿರು ಕೇಳಲಿ.

ನನ್ನ ಉಪ್ಪನ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಸೊಲ್ಲಾಪುರದಿಂದ ಮರಳಿದ ರಾತ್ರಿ. ಪೂರ್ತಿ ಕೇಳಿ, "ಒಣ ಕಾಯಿಗೆ ಅಷ್ಟು ಒತ್ತಬಾರದಿತ್ತು" ಎಂದರು.