ಕಾಡಿನ ಗುಂಡಿಗೂ ಲೆಕ್ಕ ಬೇಕು

2015ರಲ್ಲಿ ಅಸ್ಸಾಮಿನ ಕಾಜಿರಂಗ ರಾಷ್ಟ್ರೀಯ ಉದ್ಯಾನದಲ್ಲಿ ಕಳ್ಳಬೇಟೆಗೆ ಬಲಿಯಾದ ಘೇಂಡಾಮೃಗಗಳು 17. ಅದೇ ವರ್ಷ ಅದೇ ಕಾಡಿನಲ್ಲಿ ಅರಣ್ಯ ಸಿಬ್ಬಂದಿಯ ಗುಂಡಿಗೆ ಸತ್ತ ಮನುಷ್ಯರು ಇಪ್ಪತ್ತಕ್ಕೂ ಹೆಚ್ಚು. 2017ರ ಫೆಬ್ರುವರಿಯಲ್ಲಿ ಬಿಬಿಸಿ ಈ ಕುರಿತು ಸಾಕ್ಷ್ಯಚಿತ್ರ ಪ್ರಸಾರ ಮಾಡಿದಾಗ, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಆ ಸಂಸ್ಥೆ ದೇಶದ ಹುಲಿ ಮೀಸಲು ಪ್ರದೇಶಗಳಲ್ಲಿ ಐದು ವರ್ಷ ಚಿತ್ರೀಕರಣ ನಡೆಸದಂತೆ ನಿಷೇಧ ಹೇರಿತು. ಅಲ್ಲಿಂದ ಚರ್ಚೆಯೆಲ್ಲ ಹೊರಗಿನವರು ದೇಶದ ಮಾನ ಕಳೆದರೇ ಎಂಬ ಕಡೆಗೆ ಹೊರಳಿತು. ಸತ್ತವರು ಯಾರು, ಯಾವ ಸನ್ನಿವೇಶದಲ್ಲಿ ಸತ್ತರು, ಅವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಬಂದೂಕಿತ್ತು ಎಂಬ ಪ್ರಶ್ನೆಗಳು ಇದ್ದಲ್ಲೇ ಉಳಿದವು. ಕಾಡು ಕಾಯುವವರ ಕೈಯಲ್ಲಿ ಬಂದೂಕು ಇರಬೇಕು ಎಂಬುದನ್ನು ಒಪ್ಪಿಕೊಂಡೇ ನಾನು ಆ ಪ್ರಶ್ನೆಗಳನ್ನು ಮತ್ತೆ ಎತ್ತುತ್ತಿದ್ದೇನೆ. ಗುಂಡು ಹಾರಿಸುವ ಅಧಿಕಾರ ಕೊಟ್ಟ ಸರ್ಕಾರ ಹಾರಿದ ಪ್ರತಿ ಗುಂಡಿನ ಲೆಕ್ಕವನ್ನೂ ಕೇಳಬೇಕು. ಕೇಳದೆ ಬಿಟ್ಟರೆ ಮನುಷ್ಯರಿಗೆ ಅನ್ಯಾಯವಾಗುತ್ತದೆ, ಪ್ರಾಣಿಗಳಿಗೂ ಅದರಿಂದ ಲಾಭವಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹುಲಿ, ಆನೆ, ಘೇಂಡಾಮೃಗದಂಥ ಒಂದನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವನಿಗೆ ಮೊದಲ ಅಪರಾಧವಾದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ಕಾಯ್ದೆಯಲ್ಲಿ ಎಲ್ಲಿಯೂ ಮರಣದಂಡನೆಯ ಮಾತಿಲ್ಲ. ಇನ್ನು ಬಂಧನದ ನಿಯಮ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧದ ಆರೋಪ ಇಲ್ಲದ ವ್ಯಕ್ತಿಯನ್ನು ಹಿಡಿಯುವ ಯತ್ನದಲ್ಲಿ ಅವನ ಪ್ರಾಣ ತೆಗೆಯುವ ಹಕ್ಕು ಯಾರಿಗೂ ಇಲ್ಲ ಎಂದು ದಂಡ ಪ್ರಕ್ರಿಯಾ ಸಂಹಿತೆಯ 46ನೇ ಕಲಂ ಸ್ಪಷ್ಟವಾಗಿ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯೂ ಈ ಮಾತನ್ನು ಉಳಿಸಿಕೊಂಡಿದೆ. ವನ್ಯಜೀವಿ ಕಾಯ್ದೆಯನ್ನೂ ಬಂಧನದ ಈ ನಿಯಮವನ್ನೂ ಒಟ್ಟಿಗೆ ಓದಿದರೆ ಅರ್ಥ ಒಂದೇ: ಕೈಗೆ ಸಿಗದೆ ಓಡುತ್ತಿರುವ ಕಳ್ಳಬೇಟೆಗಾರನ ಬೆನ್ನಿಗೆ ಗುಂಡು ಹೊಡೆದು ಕೊಲ್ಲುವುದಕ್ಕೆ ಕಾನೂನಿನ ಬೆಂಬಲವಿಲ್ಲ. ಎದುರಿನಿಂದ ಗುಂಡು ಬಂದಾಗ ಮಾತು ಬೇರೆ. ತನ್ನ ಪ್ರಾಣವನ್ನೋ ಜೊತೆಗಾರನ ಪ್ರಾಣವನ್ನೋ ಉಳಿಸಿಕೊಳ್ಳಲು ಕೊಲ್ಲುವ ಹಕ್ಕು ಗಾರ್ಡ್‌ಗೂ ಇದೆ, ನಿಮಗೂ ಇದೆ, ನನಗೂ ಇದೆ. ಹಾಗಿರುವಾಗ 2010ರ ಜುಲೈನಲ್ಲಿ ಅಸ್ಸಾಂ ಸರ್ಕಾರ ಹೊರಡಿಸಿದ ಆದೇಶ ಹೊಸದಾಗಿ ಏನು ಕೊಟ್ಟಿತು? ಅರಣ್ಯ ಸಿಬ್ಬಂದಿ ಬಂದೂಕು ಬಳಸಿದ್ದು ಅನಗತ್ಯ, ಅತಿಯಾದದ್ದು ಎಂದು ಮ್ಯಾಜಿಸ್ಟ್ರೇಟ್ ತನಿಖೆಯಲ್ಲಿ ಸಾಬೀತಾಗಿ, ಸರ್ಕಾರವೂ ಅದನ್ನು ಒಪ್ಪುವವರೆಗೆ ಅವರ ಮೇಲೆ ಕ್ರಿಮಿನಲ್ ಕ್ರಮ ಜರುಗಿಸುವಂತಿಲ್ಲ ಎಂದು ಅದು ಹೇಳಿತು. ಆತ್ಮರಕ್ಷಣೆಗೆ ಈ ಕವಚ ಬೇಕಿರಲಿಲ್ಲ, ಆ ಹಕ್ಕು ಮೊದಲೇ ಇತ್ತು. ಕವಚ ನೆರವಾಗುವುದು ಆತ್ಮರಕ್ಷಣೆಯ ಗಡಿ ದಾಟಿದ ಗುಂಡಿಗೆ. 2012ರಲ್ಲಿ ಮಹಾರಾಷ್ಟ್ರ ಸರ್ಕಾರವೂ ಇದೇ ಧಾಟಿಯ ಭರವಸೆಯನ್ನು ತನ್ನ ಸಿಬ್ಬಂದಿಗೆ ಕೊಟ್ಟಿತ್ತು.

ಕಾಡಿನ ಕತ್ತಲಲ್ಲಿ ನಿಂತವನ ಕಷ್ಟ ಪೇಟೆಯಲ್ಲಿ ಕೂತವರಿಗೆ ತಿಳಿಯದು ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಅದರಲ್ಲಿ ಹುರುಳಿದೆ. ಕಾಜಿರಂಗದಲ್ಲಿ ಆನೆಹುಲ್ಲು ಆಳೆತ್ತರ ಮೀರಿ ಬೆಳೆಯುತ್ತದೆ, ಮಳೆಗಾಲದಲ್ಲಿ ಬ್ರಹ್ಮಪುತ್ರ ಉಕ್ಕಿ ಶಿಬಿರಗಳನ್ನೇ ಸುತ್ತುವರಿಯುತ್ತದೆ, ಬೇಟೆಗೆ ಬರುವ ತಂಡಗಳ ಬಳಿ ಒಮ್ಮೊಮ್ಮೆ ಸೇನೆಯವರು ಬಳಸುವಂಥ ಬಂದೂಕುಗಳಿರುತ್ತವೆ. ಹಳೆಯ ರೈಫಲ್ ಹಿಡಿದು ರಾತ್ರಿ ಗಸ್ತು ತಿರುಗುವವನಿಗೆ, ಎದುರಿನವನು ಮೊದಲು ಹೊಡೆಯಲಿ ಎಂದು ಕಾಯಿರಿ ಅಂತ ಹೇಳುವುದು ಕ್ರೌರ್ಯ. ಆದರೆ ಇದೇ ವಾದ ಇನ್ನೊಂದು ಕಡೆಗೂ ಎಳೆಯುತ್ತದೆ. ಬೇಟೆಗಾರನನ್ನು ಮರೆಮಾಡುವ ಹುಲ್ಲು ದನ ಹುಡುಕಿಕೊಂಡು ಬಂದವನನ್ನೂ, ಸೌದೆ ಆರಿಸುವವಳನ್ನೂ ಮರೆಮಾಡುತ್ತದೆ. ಕಾಜಿರಂಗದ ಕೋರ್ ಪ್ರದೇಶಕ್ಕೆ ಬಹಳ ಕಡೆ ಬೇಲಿಯಿಲ್ಲ, ಅಂಚಿನಲ್ಲೇ ಹಳ್ಳಿಗಳಿವೆ. 2013ರ ಡಿಸೆಂಬರ್‌ನಲ್ಲಿ ಅಲ್ಲಿ ಗುಂಡಿಗೆ ಸತ್ತ ಯುವಕ ಬೌದ್ಧಿಕ ಅಂಗವೈಕಲ್ಯವಿದ್ದವನು, ಮನೆಯ ದನ ನೋಡಿಕೊಳ್ಳುತ್ತಿದ್ದವನು ಎಂದು ಅವನ ಮನೆಯವರು ಹೇಳುತ್ತಾರೆ. 2016ರ ಜುಲೈನಲ್ಲಿ ಗುಂಡು ತಗುಲಿ ಕಾಲಿನ ಬಲ ಕಳೆದುಕೊಂಡದ್ದು ಏಳು ವರ್ಷದ ಬುಡಕಟ್ಟು ಬಾಲಕ. ಕಣ್ಣಿಗೆ ಸರಿಯಾಗಿ ಕಾಣದ ಜಾಗದಲ್ಲಿ ತಪ್ಪು ಆಗುವ ಸಂಭವ ಹೆಚ್ಚು. ತಪ್ಪು ಆಗುವ ಸಂಭವ ಹೆಚ್ಚಿರುವ ಕಡೆಯಲ್ಲೇ ವಿಚಾರಣೆಯೂ ಬಿಗಿಯಾಗಿರಬೇಕು. ಪ್ರಾಣಭಯದಲ್ಲಿ ಹೊಡೆದ ಗಾರ್ಡ್‌ಗೆ ನಿಷ್ಪಕ್ಷ ತನಿಖೆಯೇ ದೊಡ್ಡ ರಕ್ಷಣೆ. ತನಿಖೆಯೇ ನಡೆಯದಿದ್ದರೆ ಊರಿನವರ ಕಣ್ಣಲ್ಲಿ ಅವನೂ, ಬೇಕಾಬಿಟ್ಟಿ ಹೊಡೆದವನೂ ಒಂದೇ ಆಗುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಏನೇ ಹೇಳಿ, ಘೇಂಡಾಮೃಗ ಉಳಿದಿದೆಯಲ್ಲ ಎನ್ನುತ್ತಾರೆ. ಹೌದು, ಉಳಿದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಜಿರಂಗದಲ್ಲಿ ಬೆರಳೆಣಿಕೆಯಷ್ಟಿದ್ದ ಘೇಂಡಾಮೃಗಗಳು 2022ರ ಗಣತಿಯಲ್ಲಿ 2,613 ಆಗಿದ್ದವು. ಜಗತ್ತಿನಲ್ಲಿರುವ ಒಂಟಿಕೊಂಬಿನ ಘೇಂಡಾಮೃಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇವೆ. ಇಷ್ಟು ದೊಡ್ಡ ಸಾಧನೆ ಹಗಲಿರುಳು ಕಾವಲು ಕಾದವರದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಏರಿಕೆಯ ಬಹುಪಾಲು 2010ರ ಆದೇಶಕ್ಕಿಂತ ಹಿಂದಿನದು. ಆದೇಶ ಬಂದ ಮೇಲೆ, 2013ರಲ್ಲೂ 2014ರಲ್ಲೂ ಕಾಜಿರಂಗ ವರ್ಷಕ್ಕೆ 27ರಂತೆ ಘೇಂಡಾಮೃಗಗಳನ್ನು ಕಳೆದುಕೊಂಡಿತು. ಸತ್ತ ಮನುಷ್ಯರ ಸಂಖ್ಯೆಯೂ ಏರಿತು, ಸತ್ತ ಪ್ರಾಣಿಗಳ ಸಂಖ್ಯೆಯೂ ಏರಿತು. 2022ರಲ್ಲಿ ಇಡೀ ಅಸ್ಸಾಮಿನಲ್ಲಿ ಒಂದೇ ಒಂದು ಘೇಂಡಾಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಅದರ ಹಿಂದಿನ ವರ್ಷ ಸರ್ಕಾರ ಹಿರಿಯ ಪೊಲೀಸ್ ಅಧಿಕಾರಿಯ ನೇತೃತ್ವದಲ್ಲಿ ಪೊಲೀಸರೂ ಅರಣ್ಯ ಇಲಾಖೆಯವರೂ ಸೇರಿದ ವಿಶೇಷ ಪಡೆ ಕಟ್ಟಿತ್ತು; ಬೇಟೆ ತಂಡ ಕಾಡಿನೊಳಗೆ ಬಂದ ಮೇಲೆ ಬೆನ್ನಟ್ಟುವುದಕ್ಕಿಂತ ಜಿಲ್ಲೆ ಜಿಲ್ಲೆಗಳ ಮಾಹಿತಿ ಒಟ್ಟುಗೂಡಿಸಿ ಮೊದಲೇ ಹಿಡಿಯುವುದಕ್ಕೆ ಒತ್ತು ಬಿತ್ತು. ಅದೇ ಹೊತ್ತಿನಲ್ಲಿ ಅಸ್ಸಾಂ ಪೊಲೀಸರ ಎನ್‌ಕೌಂಟರ್‌ಗಳೂ ಹೆಚ್ಚಿದ್ದರಿಂದ ಫಲದ ಶ್ರೇಯಸ್ಸನ್ನೆಲ್ಲ ಒಂದೇ ಕ್ರಮಕ್ಕೆ ಕೊಡಲಾಗದು. ಇಷ್ಟಂತೂ ಹೇಳಬಹುದು: ಕೊಲ್ಲುವುದು ಹೆಚ್ಚಿದಷ್ಟೂ ಬೇಟೆ ತಗ್ಗುತ್ತದೆ ಎಂಬ ಸರಳ ಸೂತ್ರವನ್ನು ಕಾಜಿರಂಗದ ಅಂಕಿಗಳು ಸಮರ್ಥಿಸುವುದಿಲ್ಲ. ಆಫ್ರಿಕಾದ ಅನುಭವ ಇನ್ನೂ ಕಹಿ. ಜಿಂಬಾಬ್ವೆ 1980ರ ದಶಕದಲ್ಲಿ ಜಾಂಬೆಜಿ ಕಣಿವೆಯಲ್ಲಿ ಕಂಡಲ್ಲಿ ಗುಂಡಿಕ್ಕುವ ಕಾರ್ಯಾಚರಣೆ ನಡೆಸಿತು. ನೂರಕ್ಕೂ ಹೆಚ್ಚು ಬೇಟೆಗಾರರು ಸತ್ತರು. ಆ ಕಣಿವೆಯ ಕಪ್ಪು ಘೇಂಡಾಮೃಗಗಳು ಆದರೂ ಉಳಿಯಲಿಲ್ಲ.

ಹೀಗಾಗುವುದಕ್ಕೆ ಕಾರಣ ಈ ದಂಧೆಯ ಕಟ್ಟಿನಲ್ಲೇ ಇದೆ. ಕೊಂಬು ಕೊಳ್ಳುವವರು ವಿಯೆಟ್ನಾಂ, ಚೀನಾದಲ್ಲಿ. ಸಾಗಿಸುವವರು ಗಡಿ ಪಟ್ಟಣಗಳಲ್ಲಿ. ಕಾಡಿಗೆ ನುಗ್ಗುವವನು ಈ ಸರಪಳಿಯ ಕೊನೆಯಲ್ಲಿರುವ, ಎಲ್ಲರಿಗಿಂತ ಕಡಿಮೆ ದುಡ್ಡು ಪಡೆಯುವ ಬಡವ. ಅವನು ಸತ್ತರೆ ಇನ್ನೊಬ್ಬ ಸಿಗುತ್ತಾನೆ. ಉತ್ತರ ಭಾರತದಲ್ಲಿ ಹುಲಿ, ಚಿರತೆ ಚರ್ಮದ ವ್ಯಾಪಾರವನ್ನು ದಶಕಗಟ್ಟಲೆ ನಡೆಸಿದ ಸಂಸಾರ್ ಚಂದ್ ಕೂತಿದ್ದು ದೆಹಲಿಯಲ್ಲಿ. ಅವನ ಜಾಲ ಬಿಚ್ಚಿಕೊಂಡದ್ದು ಬಂಧನ, ವಿಚಾರಣೆ, ಸಿಬಿಐ ತನಿಖೆಯಿಂದ. ಕಾಡಿನಲ್ಲಿ ಸಿಕ್ಕವನು ಬದುಕಿದ್ದರೆ ಬಂದೂಕು ಕೊಟ್ಟವರು ಯಾರು, ಮಾಲು ಯಾರಿಗೆ ಹೋಗುತ್ತಿತ್ತು ಎಂದು ಕೇಳಬಹುದು. ಅವನ ಹೆಣ ಬಿದ್ದ ಮೇಲೆ ಆ ದಾರಿ ಅಲ್ಲೇ ಮುಚ್ಚಿತು. ಇದರಿಂದ ಹೆಚ್ಚು ನೆಮ್ಮದಿಯಾಗುವುದು ಕೊಂಬಿನ ವ್ಯಾಪಾರಿಗೆ. ಇಂಥ ಪ್ರಕರಣಗಳಲ್ಲಿ ಕೋರ್ಟಿನಲ್ಲಿ ಶಿಕ್ಷೆಯಾಗುವುದೇ ಅಪರೂಪ ಎಂದು ಗೊಣಗುವವರಿದ್ದಾರೆ. ಅದು ನಿಜ. ಮಹಜರು ಸರಿಯಿಲ್ಲದೆ, ಸಾಕ್ಷಿ ಕಾಪಾಡದೆ ಕೇಸು ಬಿದ್ದುಹೋಗುವುದನ್ನು ತನಿಖೆ ಸುಧಾರಿಸಿಯೇ ಸರಿಪಡಿಸಬೇಕು. ಕೋರ್ಟಿನಲ್ಲಿ ಸಾಬೀತು ಮಾಡಲಾಗದ ಆರೋಪಕ್ಕೆ ಕಾಡಿನಲ್ಲೇ ಮರಣದಂಡನೆ ಕೊಡುವುದನ್ನು ಯಾವ ನಾಗರಿಕ ಸಮಾಜವೂ ಪರಿಹಾರ ಎಂದು ಒಪ್ಪಲಾಗದು.

ಮನುಷ್ಯರು ಕೋಟಿಗಟ್ಟಲೆ ಇದ್ದಾರೆ, ಒಂಟಿಕೊಂಬಿನ ಘೇಂಡಾಮೃಗಗಳು ಕೆಲವೇ ಸಾವಿರ. ತೂಗಿದರೆ ಯಾವುದು ಹೆಚ್ಚು ಎಂದು ಕೇಳುವವರೂ ಇದ್ದಾರೆ. ಒಂದು ಪ್ರಭೇದ ಅಳಿದರೆ ಅದನ್ನು ಮರಳಿ ತರಲಾಗದು ಎಂಬ ಅವರ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಂಖ್ಯೆ ಹೆಚ್ಚಿದೆ ಎಂದು ಒಬ್ಬೊಬ್ಬನ ಪ್ರಾಣದ ಬೆಲೆ ಇಳಿಯುವುದಾದರೆ ನಮ್ಮ ದೇಶದಲ್ಲಿ ಯಾರ ಪ್ರಾಣಕ್ಕೂ ಬೆಲೆ ಉಳಿಯದು. ತಕ್ಕಡಿಗೆ ಬೀಳುತ್ತಿರುವುದಾದರೂ ಯಾರು? ಸಫಾರಿಗೆ ಬರುವವರಲ್ಲ, ಕಾಡಂಚಿನ ಹಾಡಿಯವರು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ವೀರಪ್ಪನ್ ನೂರಾರು ಆನೆಗಳನ್ನೂ ಮನುಷ್ಯರನ್ನೂ ಕೊಂದ ಕಾಲದಲ್ಲಿ, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನ ಹುಟ್ಟೂರು ಗೋಪಿನಾಥಂನಲ್ಲೇ ನೆಲೆಸಿ, ಜನರಿಗೆ ಔಷಧ ಕೊಟ್ಟು, ದೇವಸ್ಥಾನ ಕಟ್ಟಿಸಿ, ಊರನ್ನೇ ಅವನಿಂದ ಬೇರ್ಪಡಿಸತೊಡಗಿದ್ದರು. 1991ರ ನವೆಂಬರ್‌ನಲ್ಲಿ ವೀರಪ್ಪನ್ ಶರಣಾಗುವ ನೆಪದಲ್ಲಿ ಶ್ರೀನಿವಾಸ್ ಅವರನ್ನು ಕರೆಸಿಕೊಂಡು ಕೊಂದ. ಅಂಥವನನ್ನು ಹಿಡಿಯಲು ಬಲಪ್ರಯೋಗ ಅನಿವಾರ್ಯವಾಗಿತ್ತು. ಆದರೆ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳಿಗೆ ಸಿಕ್ಕ ಅಂಕೆಯಿಲ್ಲದ ಅಧಿಕಾರ ಬಿದ್ದದ್ದು ಬೆಟ್ಟದ ಊರುಗಳ ಮೇಲೆ. ಭಯೋತ್ಪಾದನೆ ತಡೆಗೆಂದಿದ್ದ ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ ನೂರಕ್ಕೂ ಹೆಚ್ಚು ಮಂದಿಯನ್ನು ಮೈಸೂರಿನ ನ್ಯಾಯಾಲಯ 2001ರಲ್ಲಿ ಖುಲಾಸೆ ಮಾಡಿತು. ಕಾರ್ಯಪಡೆಯ ದೌರ್ಜನ್ಯಗಳ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಣೆ ನಡೆಸಿದ ಮೇಲೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಈಚಿನ ಘಟನೆಗಳನ್ನೇ ನೋಡಿ. 2023ರ ಫೆಬ್ರುವರಿಯಲ್ಲಿ ಪಾಲಾರ್ ಬಳಿ ನಮ್ಮ ಅರಣ್ಯ ಸಿಬ್ಬಂದಿ ಗುಂಡು ಹಾರಿಸಿದ ಮೇಲೆ ತಮಿಳುನಾಡಿನ ಒಬ್ಬನ ಶವ ನದಿಯಲ್ಲಿ ಸಿಕ್ಕಿತು. ಅವನು ಜಿಂಕೆ ಬೇಟೆಗೆ ಬಂದವನು ಎಂದು ಇಲ್ಲಿಯವರು, ಮೀನು ಹಿಡಿಯಲು ಹೋದವನು ಎಂದು ಅಲ್ಲಿಯವರು. ಅದೇ ವರ್ಷ ನವೆಂಬರ್‌ನಲ್ಲಿ ಬಂಡೀಪುರದಲ್ಲಿ ಕಡವೆ ಬೇಟೆಗೆ ಬಂದಿದ್ದರೆನ್ನಲಾದ ತಂಡದೊಂದಿಗಿನ ಗುಂಡಿನ ಚಕಮಕಿಯಲ್ಲಿ ಸಮೀಪದ ಹಳ್ಳಿಯ ಯುವಕ ಸತ್ತ. ಎರಡರಲ್ಲೂ ಸಿಬ್ಬಂದಿ ಹೇಳಿದ್ದೇ ನಿಜವಿರಬಹುದು. ಅದನ್ನು ಇಲಾಖೆಯೇ ಹೇಳಿ, ಇಲಾಖೆಯೇ ಒಪ್ಪಿಕೊಂಡರೆ ಸಾಲದು.

ಪೊಲೀಸ್ ಎನ್‌ಕೌಂಟರ್ ಸಾವುಗಳಿಗೆ 2014ರಲ್ಲಿ ಸುಪ್ರೀಂ ಕೋರ್ಟ್ ನಿಯಮಗಳನ್ನು ಹಾಕಿಕೊಟ್ಟಿದೆ: ಎಫ್‌ಐಆರ್ ಕಡ್ಡಾಯ, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಮಾನವ ಹಕ್ಕುಗಳ ಆಯೋಗಕ್ಕೆ ಮಾಹಿತಿ. ಅರಣ್ಯ ಇಲಾಖೆಯ ಗುಂಡಿಗೂ ಇದನ್ನೇ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿ ಅನ್ವಯಿಸಬೇಕು, ವಿಚಾರಣಾ ವರದಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಜೊತೆಗೆ ಕಾವಲಿನವರ ಬಗ್ಗೆಯೂ ಅಷ್ಟೇ ಕಾಳಜಿ ಬೇಕು. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಲಗುವ ದಿನಗೂಲಿ ವಾಚರ್‌ಗಳಲ್ಲಿ ಅನೇಕರು ಜೇನುಕುರುಬರು, ಸೋಲಿಗರು. ಕಾಡಿನ ಹೆಜ್ಜೆ ಗುರುತು ಅವರಷ್ಟು ಯಾರಿಗೂ ಗೊತ್ತಿಲ್ಲ. ಅವರಿಗೆ ಕೆಲಸದ ಭದ್ರತೆ, ತಿಂಗಳಿಗೆ ಸರಿಯಾಗಿ ಸಂಬಳ, ವಿಮೆ, ರಾತ್ರಿ ಕಾಣುವ ದುರ್ಬೀನು, ಕೆಲಸ ಮಾಡುವ ವೈರ್‌ಲೆಸ್, ಗುಂಡು ಯಾವಾಗ ಹಾರಿಸಬೇಕು ಯಾವಾಗ ಹಾರಿಸಬಾರದು ಎಂಬ ತರಬೇತಿ ಕೊಡುವುದು 2010ರ ಅಸ್ಸಾಂ ಆದೇಶದಂಥ ಒಂದು ಹಾಳೆಗಿಂತ ದುಬಾರಿ. ಮುಂದಿನ ಬಜೆಟ್‌ನಲ್ಲಿ ಆ ಹಣ ಕಾಣಿಸಬೇಕು.