ಐಸಿಯು ಸ್ಕೋರ್ ನೋಡಿ ಡಿಸ್ಚಾರ್ಜ್ ದಿನ ಹೇಳಬಹುದೇ?

ಐಸಿಯು ಹೊರಗೆ ಕುಳಿತವರ ಮೊದಲ ಪ್ರಶ್ನೆ, "ಜೀವಕ್ಕೆ ಅಪಾಯ ಇಲ್ಲ ತಾನೇ?" ಎರಡನೆಯದು, "ಇನ್ನೆಷ್ಟು ದಿನ?" ಕೆಲಸಕ್ಕೆ ರಜೆ, ದುಡ್ಡು, ಮನೆಯಲ್ಲಿರುವ ಮಕ್ಕಳು, ಎಲ್ಲವೂ ಆ ಉತ್ತರದ ಮೇಲೆ ನಿಂತಿರುತ್ತದೆ. ಹಾಗಾಗಿ ಕೇಸ್ ಶೀಟ್‌ನಲ್ಲಿ ‘ಅಪಾಚೆ 24’ ಎಂದು ಕಂಡರೆ, ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ ಫ್ಯಾಮಿಲಿ ಗ್ರೂಪ್‌ಗೆ ಕಳಿಸುವುದು ಸಹಜ. ಕಳಿಸುವ ಮೊದಲು ಆ ಅಂಕ ಏನೆಂದು ನೋಡೋಣ.

ಅಪಾಚೆ-2 ಅಮೆರಿಕದ ವೈದ್ಯರು 1985ರಲ್ಲಿ ಪ್ರಕಟಿಸಿದ ಲೆಕ್ಕ. ಐಸಿಯು ಸೇರಿದ ಮೊದಲ 24 ಗಂಟೆಗಳಲ್ಲಿ ಜ್ವರ, ಬಿಪಿ, ಉಸಿರಾಟ, ಸೋಡಿಯಂ, ಕ್ರಿಯಾಟಿನಿನ್ ಮುಂತಾದ 12 ಅಳತೆಗಳು ಎಷ್ಟು ಹದಗೆಟ್ಟಿದ್ದವು ಎಂದು ನೋಡಿ ಅಂಕ ಕೊಡುತ್ತಾರೆ. ವಯಸ್ಸಿಗೂ ಹಳೆಯ ಕಾಯಿಲೆಗಳಿಗೂ ಅಂಕ ಸೇರುತ್ತದೆ. ಗರಿಷ್ಠ 71. ಇದು ಕಾಯಿಲೆಯ ತೀವ್ರತೆ ಅಳೆದು ಸಾವಿನ ಸಾಧ್ಯತೆ ಅಂದಾಜಿಸಲು ಮಾಡಿದ್ದು, ದಿನ ಎಣಿಸಲು ಅಲ್ಲ. ಕ್ಯಾಲ್ಕುಲೇಟರ್ ತೋರಿಸುವ ಶೇಕಡಾ ಕೂಡ ನಿಮ್ಮ ಅಪ್ಪನದಲ್ಲ, ಅಷ್ಟೇ ಅಂಕವಿದ್ದ ನೂರಾರು ಜನರದು.

ಸ್ಕೋರ್ ಏರಿದಂತೆ ದಿನವೂ ಏರಬೇಕಲ್ಲವೇ? ಒಂದು ಮಟ್ಟದವರೆಗೆ ಹೌದು. ಆದರೆ ಸ್ಕೋರ್ ತೀರಾ ಹೆಚ್ಚಿರುವವರಲ್ಲಿ ಕೆಲವರು ಎರಡು ಮೂರು ದಿನಗಳಲ್ಲೇ ತೀರಿಕೊಳ್ಳುತ್ತಾರೆ. ಲೆಕ್ಕದಲ್ಲಿ ಅದೂ ‘ಕಡಿಮೆ ದಿನ’ವೇ. ಬರೆಯಲು ಕಷ್ಟ, ಆದರೆ ಇದನ್ನು ಬಿಟ್ಟರೆ ವಿಷಯ ಅರ್ಥವಾಗದು.

ಸರಾಸರಿಯದು ಇನ್ನೊಂದು ತೊಡಕು. ಒಂದೇ ಸ್ಕೋರಿನ ಹತ್ತು ಮಂದಿಯಲ್ಲಿ ಒಂಬತ್ತು ಜನ 3 ದಿನ ಇದ್ದು, ಒಬ್ಬರು ಸೋಂಕಾಗಿ ವೆಂಟಿಲೇಟರ್ ಮೇಲೆ 33 ದಿನ ಉಳಿದರು ಎಂದುಕೊಳ್ಳಿ. ಸರಾಸರಿ 6 ದಿನ. ಆದರೆ 6 ದಿನ ಇದ್ದವರು ಒಬ್ಬರೂ ಇಲ್ಲ.

2006ರ ಅಪಾಚೆ-4ರಲ್ಲಿ ಐಸಿಯು ದಿನಗಳಿಗೇ ಪ್ರತ್ಯೇಕ ಸೂತ್ರವಿದೆ. ಅದು ಹೊಂದುವುದು ರೋಗಿಗಳ ದೊಡ್ಡ ಗುಂಪಿಗೆ: ಈ ಐಸಿಯುನಲ್ಲಿ ಜನ ನಿರೀಕ್ಷೆಗಿಂತ ಹೆಚ್ಚು ದಿನ ಉಳಿಯುತ್ತಿದ್ದಾರೆಯೇ ಎಂದು ಆಸ್ಪತ್ರೆ ತನ್ನನ್ನೇ ಪರೀಕ್ಷಿಸಿಕೊಳ್ಳಲು. ಅದನ್ನು ಕಟ್ಟಿದ್ದೂ ಅಮೆರಿಕದ ಆಸ್ಪತ್ರೆಗಳ ಮಾಹಿತಿಯಿಂದ. ವಾರ್ಡಿನಲ್ಲಿ ಬೆಡ್ ಖಾಲಿ ಇಲ್ಲ, ಮನೆಯಲ್ಲಿ ಆಕ್ಸಿಜನ್ ವ್ಯವಸ್ಥೆ ಆಗಿಲ್ಲ, ಇನ್ಶೂರೆನ್ಸ್ ಅಪ್ರೂವಲ್ ಬಂದಿಲ್ಲ ಎಂಬಂಥ ಕಾರಣಗಳು ರೋಗಿಯ ಸ್ಕೋರಿಗೆ ಕಾಣುವುದಿಲ್ಲ. ದುಡ್ಡು ಮುಗಿದು ಮೊದಲೇ ಮನೆಗೆ ಕರೆದೊಯ್ಯುವವರೂ ಇದ್ದಾರೆ.

ಹಾಗಾದರೆ ಡಾಕ್ಟರನ್ನು ಏನು ಕೇಳುವುದು? ನಮ್ಮ ಸಲಹೆ: "ಯಾವುದು ಸುಧಾರಿಸಿದರೆ ವಾರ್ಡಿಗೆ ಕಳಿಸುತ್ತೀರಿ?" ವೆಂಟಿಲೇಟರ್ ತೆಗೆಯುವುದೋ, ಬಿಪಿ ಏರಿಸುವ ಔಷಧಿ ನಿಲ್ಲುವುದೋ, ಮೂತ್ರ ಸರಿಯಾಗಿ ಬರುವುದೋ? ಇವನ್ನು ದಿನಾ ಕೇಳಿ. ಸ್ಕೋರ್ ಬರೆದದ್ದು ಮೊದಲ ದಿನದ ಸ್ಥಿತಿ ನೋಡಿ.